ವಿದೇಶದಲ್ಲಿ ಓದುವ ಮಕ್ಕಳು, ತಂದೆತಾಯಿಯ ಕಾಯಂ ನಿವಾಸ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ವಿದೇಶದಲ್ಲಿ ಓದುತ್ತಿರುವ ಮಕ್ಕಳ ತಂದೆತಾಯಿಯವರು ಬರೆದವು. ದೇಶಗಳು ಬೇರೆಯಾದರೂ ಎಲ್ಲರ ಪ್ರಶ್ನೆ ಒಂದೇ: ಮಗನ ಅಥವಾ ಮಗಳ ಓದಿನ ಆಧಾರದ ಮೇಲೆ ನಾವು ಅಲ್ಲಿ ಕಾಯಂ ಆಗಿ ನೆಲೆಸಬಹುದೇ? ಕೆನಡಾದ ಬಗ್ಗೆ ಬಂದ ಪತ್ರಗಳೇ ಹೆಚ್ಚಾಗಿರುವುದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಪ್ರಶ್ನೆ: ನಾನು ನಿವೃತ್ತ ಪ್ರೌಢಶಾಲಾ ಶಿಕ್ಷಕ. ನಮ್ಮ ಒಬ್ಬಳೇ ಮಗಳು ಕೆನಡಾದ ಒಂಟಾರಿಯೊ ಪ್ರಾಂತ್ಯದ ಕಾಲೇಜೊಂದರಲ್ಲಿ ಎರಡು ವರ್ಷದ ಡಿಪ್ಲೊಮಾ ಓದುತ್ತಿದ್ದಾಳೆ. ಅವಳ ಸ್ಟಡಿ ಪರ್ಮಿಟ್ ಆಧಾರದ ಮೇಲೆ ನಮ್ಮಿಬ್ಬರಿಗೂ ಪಿ.ಆರ್. (ಕಾಯಂ ನಿವಾಸ) ಮಾಡಿಸಿಕೊಡುವುದಾಗಿ ಇಲ್ಲಿನ ಏಜೆಂಟರೊಬ್ಬರು ಹೇಳುತ್ತಿದ್ದು, ನಾಲ್ಕು ಲಕ್ಷ ರೂಪಾಯಿ ಮುಂಗಡ ಕೇಳಿದ್ದಾರೆ. ಅದಕ್ಕಾಗಿ ನಮಗಿರುವ ಒಂದೇ ನಿವೇಶನವನ್ನು ಮಾರುವ ಯೋಚನೆಯಲ್ಲಿದ್ದೇವೆ. ಮುಂದುವರಿಯಬಹುದೇ? (ದಾವಣಗೆರೆ)

ಉತ್ತರ: ದಯವಿಟ್ಟು ನಿವೇಶನವನ್ನು ಮಾರಬೇಡಿ, ಮುಂಗಡವನ್ನೂ ಕೊಡಬೇಡಿ. ವಿದ್ಯಾರ್ಥಿಯ ಸ್ಟಡಿ ಪರ್ಮಿಟ್ ಆಧಾರದ ಮೇಲೆ ತಂದೆತಾಯಿಗೆ ಕಾಯಂ ನಿವಾಸ ಕೊಡುವ ಯಾವ ಯೋಜನೆಯೂ ಕೆನಡಾದಲ್ಲಿ ಇಲ್ಲ. ಸ್ಟಡಿ ಪರ್ಮಿಟ್ ಎಂಬುದು ತಾತ್ಕಾಲಿಕ ಪರವಾನಗಿ. ಅದನ್ನು ಹೊಂದಿರುವ ನಿಮ್ಮ ಮಗಳಿಗೇ ಅಲ್ಲಿ ಕಾಯಂ ಆಗಿ ಇರುವ ಹಕ್ಕು ಇನ್ನೂ ಬಂದಿಲ್ಲ. ತಂದೆತಾಯಿಯನ್ನು ಸ್ಪಾನ್ಸರ್ ಮಾಡಬೇಕಾದರೆ, ಅಂದರೆ ಅವರ ಹೊಣೆ ಹೊತ್ತು ಕರೆಸಿಕೊಳ್ಳಬೇಕಾದರೆ, ಮಕ್ಕಳು ಕೆನಡಾದ ಪ್ರಜೆಯೋ ಕಾಯಂ ನಿವಾಸಿಯೋ ಆಗಿರಬೇಕು. ಹೀಗಾಗಿ ನಿಮ್ಮ ದಾರಿ ಮಗಳ ದಾರಿಯ ಹಿಂದೆಯೇ ಸಾಗಬೇಕು, ಅದನ್ನು ದಾಟಿ ಮುಂದೆ ಹೋಗಲಾರದು.

ಮಗಳ ದಾರಿಯಲ್ಲಿ ಏನೇನಿದೆ ನೋಡೋಣ. ಎರಡು ವರ್ಷದ ಓದು ಮುಗಿಸಿದವರು ಸಾಮಾನ್ಯವಾಗಿ ಮೂರು ವರ್ಷದವರೆಗೆ ಕೆಲಸ ಮಾಡಲು ಅನುಮತಿ ಪಡೆಯಬಹುದು. ಆದರೆ 2024ರ ನವೆಂಬರ್ 1ರಿಂದ ಸ್ಟಡಿ ಪರ್ಮಿಟಿಗೆ ಅರ್ಜಿ ಹಾಕಿ ಕಾಲೇಜಿನ ಡಿಪ್ಲೊಮಾಕ್ಕೆ ಸೇರಿದವರಿಗೆ ಈ ಅನುಮತಿ ದೊರೆಯಬೇಕಾದರೆ ಅವರು ಓದುವ ವಿಷಯ ಸರ್ಕಾರದ ಪಟ್ಟಿಯಲ್ಲಿ ಇರಲೇಬೇಕು. ನಿಮ್ಮ ಮಗಳ ಕೋರ್ಸು ಆ ಪಟ್ಟಿಯಲ್ಲಿದೆಯೇ ಎಂಬುದನ್ನು ಅವಳು ಈ ವಾರವೇ ಖಚಿತಪಡಿಸಿಕೊಳ್ಳಲಿ. ಆಮೇಲೆ ಅವಳು ಕೌಶಲದ ಉದ್ಯೋಗದಲ್ಲಿ ಕನಿಷ್ಠ ಒಂದು ವರ್ಷ ದುಡಿದು, ಭಾಷಾ ಪರೀಕ್ಷೆ ಬರೆದು, ಎಕ್ಸ್‌ಪ್ರೆಸ್ ಎಂಟ್ರಿ ಎಂಬ ಅಂಕಗಳ ಸರದಿಯಲ್ಲಿ ನಿಂತು, ಆಹ್ವಾನ ಬಂದ ಮೇಲೆ ಪಿ.ಆರ್. ಅರ್ಜಿ ಹಾಕಬೇಕು. ಪೂರ್ಣಾವಧಿ ಓದಿನ ಜೊತೆಗೆ ಸಂಜೆ ಅಂಗಡಿಯಲ್ಲೋ ಹೋಟೆಲಿನಲ್ಲೋ ಮಾಡಿದ ಕೆಲಸ ಈ ಒಂದು ವರ್ಷದ ಲೆಕ್ಕಕ್ಕೆ ಸೇರುವುದಿಲ್ಲ. ಇದನ್ನು ತಿಳಿಯದೆ ದಿನ ಎಣಿಸುತ್ತಾ ಕುಳಿತ ಮಕ್ಕಳನ್ನು ನಾನು ಕಂಡಿರುವುದರಿಂದ ಒತ್ತಿ ಹೇಳುತ್ತಿದ್ದೇನೆ.

ಅವಳಿಗೆ ಪಿ.ಆರ್. ದೊರೆತ ಮೇಲೆ ನಿಮ್ಮ ಸರದಿ. ತಂದೆತಾಯಿ ಮತ್ತು ಅಜ್ಜ ಅಜ್ಜಿಯರಿಗೆಂದೇ ಕೆನಡಾದಲ್ಲಿ ಒಂದು ಸ್ಪಾನ್ಸರ್ ಯೋಜನೆ ಇದೆ. ಅದರಲ್ಲಿ ಮಕ್ಕಳು ಅರ್ಜಿಗೆ ಹಿಂದಿನ ಸತತ ಮೂರು ವರ್ಷ ಸರ್ಕಾರ ನಿಗದಿಪಡಿಸಿದ ಮಟ್ಟದ ಆದಾಯವನ್ನು ತೆರಿಗೆ ದಾಖಲೆಯಲ್ಲಿ ತೋರಿಸಬೇಕು. ಕುಟುಂಬದ ತಲೆಗಳನ್ನು ಎಣಿಸುವಾಗ ತಂದೆತಾಯಿಯೂ ಸೇರುತ್ತಾರೆ, ಆದ್ದರಿಂದ ಒಬ್ಬಂಟಿ ಮಗಳು ಮೂರು ಜನರ ಕುಟುಂಬಕ್ಕೆ ಸಾಕಾಗುವ ಆದಾಯ ತೋರಿಸಬೇಕಾಗುತ್ತದೆ. ಮದುವೆಯಾಗಿದ್ದರೆ ಗಂಡನ ಆದಾಯವನ್ನೂ ಸೇರಿಸಿಕೊಳ್ಳಬಹುದು, ಆಗ ತಲೆಗಳೂ ಹೆಚ್ಚುತ್ತವೆ. ಅಷ್ಟೇ ಅಲ್ಲದೆ, ತಂದೆತಾಯಿ ಅಲ್ಲಿ ಕಾಯಂ ನಿವಾಸಿಗಳಾದ ದಿನದಿಂದ 20 ವರ್ಷ ಅವರ ಮೂಲ ಅಗತ್ಯಗಳನ್ನು ತಾನೇ ನೋಡಿಕೊಳ್ಳುವೆನೆಂದು ಮಗಳು ಬರೆದುಕೊಡಬೇಕು. ಕ್ವಿಬೆಕ್ ಪ್ರಾಂತ್ಯದಲ್ಲಿ ಮಾತ್ರ ಈ ಅವಧಿ 10 ವರ್ಷ.

ಇಷ್ಟೆಲ್ಲ ಸರಿಯಿದ್ದರೂ ಅರ್ಜಿಯನ್ನು ನೇರವಾಗಿ ಹಾಕುವಂತಿಲ್ಲ, ಆಹ್ವಾನ ಬರಬೇಕು. ಸ್ಪಾನ್ಸರ್ ಮಾಡಲು ಆಸಕ್ತಿಯಿದೆ ಎಂದು ಮಕ್ಕಳು ಹೆಸರು ನೋಂದಾಯಿಸಲು ಸರ್ಕಾರ 2020ರ ಅಕ್ಟೋಬರ್ 13ರಿಂದ ನವೆಂಬರ್ 3ರವರೆಗೆ ಅವಕಾಶ ಕೊಟ್ಟಿತ್ತು. ಅಲ್ಲಿಂದ 2025ರವರೆಗೂ ಪ್ರತಿ ವರ್ಷ ಅದೇ ಹಳೆಯ ಪಟ್ಟಿಯಿಂದ ಚೀಟಿ ಎತ್ತಿದಂತೆ ಹೆಸರುಗಳನ್ನು ಆರಿಸಲಾಗಿದೆ. 2024ರಲ್ಲಿ 35,700 ಆಹ್ವಾನಗಳು ಹೋದವು; 2025ರಲ್ಲಿ ಅದು 17,860ಕ್ಕೆ ಇಳಿಯಿತು, ಆ ವರ್ಷ ಸ್ವೀಕರಿಸುವ ಅರ್ಜಿಗಳ ಮಿತಿ 10,000 ಆಗಿತ್ತು. 2020ರ ನಂತರ ಪಿ.ಆರ್. ಪಡೆದ ಮಕ್ಕಳ ಹೆಸರು ಆ ಪಟ್ಟಿಯಲ್ಲಿ ಇರಲು ಸಾಧ್ಯವೇ ಇಲ್ಲ. ನಿಮ್ಮ ಮಗಳು ಇಂದಿನಿಂದ ಎಲ್ಲವನ್ನೂ ತಡೆಯಿಲ್ಲದೆ ಮಾಡಿದರೂ ನಿಮ್ಮ ಅರ್ಜಿಯ ಮಾತು ಬರುವುದು ಹಲವು ವರ್ಷಗಳ ನಂತರವೇ. ಇಂದೇ ನಿಮ್ಮ ಹೆಸರಿನಲ್ಲಿ ಸಲ್ಲಿಸಬಹುದಾದ ಪಿ.ಆರ್. ಅರ್ಜಿ ಯಾವುದೂ ಇಲ್ಲದಿರುವಾಗ ಮುಂಗಡ ಯಾವುದಕ್ಕೆ ಎಂದು ಆ ಏಜೆಂಟರನ್ನೇ ಕೇಳಿ.

ನೀವೇ ಸ್ವತಂತ್ರವಾಗಿ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಅರ್ಜಿ ಹಾಕಬಹುದೆಂದು ಅವರು ಹೇಳಬಹುದು. 45 ದಾಟಿದವರಿಗೆ ಅದರಲ್ಲಿ ವಯಸ್ಸಿನ ಅಂಕ ಸೊನ್ನೆ. ನಿವೃತ್ತರಿಗೆ ಅದು ದಾರಿಯಲ್ಲ. ಕೆನಡಾದ ವಲಸೆ ವಿಷಯದಲ್ಲಿ ಹಣ ಪಡೆದು ಸಲಹೆ ಕೊಡುವವರು ಅಲ್ಲಿನ ವಕೀಲರಾಗಿರಬೇಕು, ಇಲ್ಲವೇ ಕಾಲೇಜ್ ಆಫ್ ಇಮಿಗ್ರೇಷನ್ ಅಂಡ್ ಸಿಟಿಜನ್‌ಶಿಪ್ ಕನ್ಸಲ್ಟೆಂಟ್ಸ್ ಎಂಬ ಸಂಸ್ಥೆಯಿಂದ ಪರವಾನಗಿ ಪಡೆದವರಾಗಿರಬೇಕು. ಆ ಪರವಾನಗಿದಾರರ ಪಟ್ಟಿಯನ್ನು ಯಾರು ಬೇಕಾದರೂ ಅಂತರ್ಜಾಲದಲ್ಲಿ ನೋಡಬಹುದು. ಏಜೆಂಟರ ಪರವಾನಗಿ ಸಂಖ್ಯೆ ಪಡೆದು ಮಗಳಿಂದ ಪರಿಶೀಲನೆ ಮಾಡಿಸಿ. ಅರ್ಜಿಯಲ್ಲಿ ಸುಳ್ಳು ಮಾಹಿತಿ ಕಂಡುಬಂದರೆ, ಅದನ್ನು ತುಂಬಿದವರು ಏಜೆಂಟರೇ ಆಗಿದ್ದರೂ, ಐದು ವರ್ಷದ ನಿಷೇಧ ಬೀಳುವುದು ಅರ್ಜಿದಾರರ ಮೇಲೆ.

ಮಗಳ ಪದವಿ ಪ್ರದಾನಕ್ಕೆ ಹೋಗಿಬರಲು ಮಾತ್ರ ಏನೂ ಅಡ್ಡಿಯಿಲ್ಲ. ಅವಳು ವಿದ್ಯಾರ್ಥಿಯಾಗಿದ್ದರೂ ಆಹ್ವಾನ ಪತ್ರ ಬರೆಯಬಹುದು, ನೀವು ಪ್ರವಾಸಿ ವೀಸಾಕ್ಕೆ ಅರ್ಜಿ ಹಾಕಬಹುದು. ಸಾಮಾನ್ಯವಾಗಿ ಒಂದು ಸಲಕ್ಕೆ ಆರು ತಿಂಗಳು ಇರಲು ಬಿಡುತ್ತಾರೆ. ಅರ್ಜಿಯಲ್ಲಿ ನಿಮ್ಮ ಪಿಂಚಣಿ, ಮನೆ, ಆ ನಿವೇಶನ ಇವೆಲ್ಲವೂ ನೀವು ಊರಿಗೆ ಹಿಂದಿರುಗುವಿರಿ ಎಂಬುದಕ್ಕೆ ಸಾಕ್ಷಿಯಾಗುತ್ತವೆ.

ಪ್ರಶ್ನೆ: ನನ್ನ ಯಜಮಾನರು ತೀರಿಕೊಂಡು ಮೂರು ವರ್ಷವಾಯಿತು. ಮಗ ಕೆನಡಾದಲ್ಲಿ ಓದು ಮುಗಿಸಿ ಕೆಲಸಕ್ಕೆ ಸೇರಿ, ಕಳೆದ ವರ್ಷ ಪಿ.ಆರ್. ಪಡೆದಿದ್ದಾನೆ. ಸೂಪರ್ ವೀಸಾ ಮಾಡಿಸುತ್ತೇನೆ, ಬಂದುಬಿಡು ಎನ್ನುತ್ತಾನೆ. ಅದೂ ಪಿ.ಆರ್. ಇದ್ದಂತೆಯೇ? ನನಗೆ ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡ ಇದೆ. (ಮೈಸೂರು)

ಉತ್ತರ: ತಾಯಿ, ಸೂಪರ್ ವೀಸಾ ಪಿ.ಆರ್. ಅಲ್ಲ; ಅದು ದೀರ್ಘಕಾಲದ ಪ್ರವಾಸಿ ವೀಸಾ. ಆದರೂ ಇಂದಿನ ಪರಿಸ್ಥಿತಿಯಲ್ಲಿ ನಿಮ್ಮಂಥವರಿಗೆ ಕೈಗೆಟಕುವ ಒಳ್ಳೆಯ ವ್ಯವಸ್ಥೆ ಅದೇ ಎಂಬುದು ನನ್ನ ಅಭಿಪ್ರಾಯ. 2022ರ ಜುಲೈ 4ರಿಂದ ಈ ವೀಸಾದಲ್ಲಿ ಹೋದವರು ಒಂದೇ ಸಲಕ್ಕೆ 5 ವರ್ಷದವರೆಗೆ ಇರಬಹುದು (ಮೊದಲು ಅದು 2 ವರ್ಷವಾಗಿತ್ತು), ಅಲ್ಲಿಂದಲೇ ಅವಧಿ ವಿಸ್ತರಣೆಯನ್ನೂ ಕೇಳಬಹುದು. ವೀಸಾ 10 ವರ್ಷದವರೆಗೆ ದೊರೆಯಬಹುದಾದರೂ ಅದು ಪಾಸ್‌ಪೋರ್ಟಿನ ಅವಧಿಯನ್ನು ಮೀರುವುದಿಲ್ಲ. ನಿಮ್ಮ ಪಾಸ್‌ಪೋರ್ಟ್ ಇನ್ನೆರಡು ವರ್ಷದಲ್ಲಿ ಮುಗಿಯುವಂತಿದ್ದರೆ ಮೊದಲು ಅದನ್ನು ನವೀಕರಿಸಿ, ಆಮೇಲೆ ಅರ್ಜಿ ಹಾಕಿ. ಮಗ ನಿಗದಿತ ಆದಾಯ ತೋರಿಸಿ, ನಿಮ್ಮ ಖರ್ಚನ್ನು ಭರಿಸುವುದಾಗಿ ಸಹಿ ಮಾಡಿದ ಪತ್ರ ಕೊಡಬೇಕು. ನೀವು ವೈದ್ಯಕೀಯ ತಪಾಸಣೆ ಮಾಡಿಸಿಕೊಳ್ಳಬೇಕು.

ನಿಮ್ಮ ಮಟ್ಟಿಗೆ ಹೆಚ್ಚು ಯೋಚಿಸಬೇಕಾದದ್ದು ಆರೋಗ್ಯ ವಿಮೆಯ ಬಗ್ಗೆ. ಸೂಪರ್ ವೀಸಾದಲ್ಲಿ ಹೋದವರಿಗೆ ಅಲ್ಲಿನ ಸರ್ಕಾರಿ ಆರೋಗ್ಯ ರಕ್ಷಣೆ ಇರುವುದಿಲ್ಲ. ಅದಕ್ಕೆ ಬದಲಾಗಿ ಕನಿಷ್ಠ ಒಂದು ಲಕ್ಷ ಕೆನಡಾ ಡಾಲರಿನ, ಕನಿಷ್ಠ ಒಂದು ವರ್ಷದ ಖಾಸಗಿ ವಿಮೆಯನ್ನು ಮೊದಲೇ ಮಾಡಿಸಿರಬೇಕು. ವಿಮೆ ಇದೆ ಎಂಬ ಮಾತ್ರಕ್ಕೆ ಮಧುಮೇಹದಿಂದ ಬರುವ ತೊಂದರೆಗೂ ಹಣ ಸಿಗುತ್ತದೆ ಎಂದು ತಿಳಿಯಬೇಡಿ. ಮೊದಲಿನಿಂದಲೂ ಇರುವ ಕಾಯಿಲೆಗಳನ್ನು ಕೆಲವು ಪಾಲಿಸಿಗಳು ಪೂರ್ತಿ ಹೊರಗಿಡುತ್ತವೆ, ಕೆಲವು ಪಾಲಿಸಿಗಳು ಇಂತಿಷ್ಟು ತಿಂಗಳಿಂದ ಔಷಧಿಯ ಪ್ರಮಾಣ ಬದಲಾಗದೆ ಕಾಯಿಲೆ ಹತೋಟಿಯಲ್ಲಿದ್ದರೆ ಮಾತ್ರ ಒಪ್ಪುತ್ತವೆ. ಆದ್ದರಿಂದ ಹೊರಡುವ ಮುನ್ನ ನಿಮ್ಮ ವೈದ್ಯರಿಂದ ಈಗಿನ ಔಷಧಿಗಳ ಪಟ್ಟಿಯನ್ನು ಬರೆಸಿಕೊಂಡು, ಮಗನ ಕೈಗೆ ಕೊಟ್ಟು, ಪಾಲಿಸಿಯ ಆ ಒಂದು ಭಾಗವನ್ನು ಓದಿಸಿ ಕೇಳಿ. ಕಂತು ಕಡಿಮೆಯೆಂದು ಆರಿಸಿದ ಪಾಲಿಸಿ ಆಸ್ಪತ್ರೆಯ ಬಾಗಿಲಲ್ಲಿ ಕೈಬಿಟ್ಟರೆ ಆ ಬಿಲ್ಲನ್ನು ಮಗನ ಸಂಬಳ ತಾಳಲಾರದು.

ಮುಂದೆಂದಾದರೂ ಸ್ಪಾನ್ಸರ್ ಯೋಜನೆಗೆ ಹೊಸ ಹೆಸರುಗಳನ್ನು ಸ್ವೀಕರಿಸಿದರೆ ಮಗ ನಿಮ್ಮ ಹೆಸರು ಕೊಡಲಿ; ಸೂಪರ್ ವೀಸಾ ಇರುವುದು ಅದಕ್ಕೆ ಅಡ್ಡಿಯಲ್ಲ. ಪಿ.ಆರ್. ಆದರೆ ಪ್ರಾಂತ್ಯದ ಆರೋಗ್ಯ ವಿಮೆ ದೊರೆಯುತ್ತದೆ. ಆದರೆ ಆ ಅರ್ಜಿಯಲ್ಲಿಯೂ ವೈದ್ಯಕೀಯ ತಪಾಸಣೆ ಇದ್ದು, ಚಿಕಿತ್ಸೆಯ ಖರ್ಚು ಅಲ್ಲಿನ ವ್ಯವಸ್ಥೆಗೆ ಮಿತಿಮೀರಿದ ಹೊರೆಯಾಗುವುದೆಂದು ಕಂಡರೆ ನಿರಾಕರಿಸಬಹುದು. ಹತೋಟಿಯಲ್ಲಿರುವ ಮಧುಮೇಹ, ರಕ್ತದೊತ್ತಡಗಳು ಸಾಮಾನ್ಯವಾಗಿ ಆ ಮಟ್ಟಕ್ಕೆ ಹೋಗುವುದಿಲ್ಲ. ಡಯಾಲಿಸಿಸ್‌ನಂತಹ ಚಿಕಿತ್ಸೆ ಹೋಗಬಹುದು.

ನಿಮಗೆ ಕುಟುಂಬ ಪಿಂಚಣಿ ಬರುತ್ತಿದ್ದರೆ ವರ್ಷಕ್ಕೊಮ್ಮೆ ಕೊಡುವ ಜೀವಿತ ಪ್ರಮಾಣಪತ್ರವನ್ನು ಅಲ್ಲಿಂದ ಕಳುಹಿಸುವ ಬಗೆಯನ್ನು ಬ್ಯಾಂಕಿನಲ್ಲಿ ಕೇಳಿಕೊಂಡು ಹೋಗಿ. ಭಾರತೀಯ ರಾಯಭಾರ ಕಚೇರಿಗಳು ಆ ಪ್ರಮಾಣಪತ್ರವನ್ನು ಕೊಡುತ್ತವೆ.

ಪ್ರಶ್ನೆ: ಮಗಳು ಮೆಲ್ಬರ್ನ್‌ನಲ್ಲಿ ಎಂ.ಎಸ್. ಓದುತ್ತಿದ್ದಾಳೆ, ಮಗ ನಮ್ಮ ಜೊತೆ ಇಲ್ಲೇ ಅಂಗಡಿ ನೋಡಿಕೊಳ್ಳುತ್ತಾನೆ. ಹಣ ಕಟ್ಟಿದರೆ ಆಸ್ಟ್ರೇಲಿಯಾದಲ್ಲಿ ತಂದೆತಾಯಿಗೆ ಬೇಗ ಪಿ.ಆರ್. ಕೊಡುತ್ತಾರೆಂಬುದು ನಿಜವೇ? (ಹುಬ್ಬಳ್ಳಿ)

ಉತ್ತರ: ಹಣ ಕಟ್ಟುವ ವೀಸಾ ಇರುವುದು ನಿಜ, ಬೇಗ ಎಂಬುದು ನಿಜವಲ್ಲ. ಇಲ್ಲಿಯೂ ಮಗಳು ವಿದ್ಯಾರ್ಥಿಯಾಗಿರುವವರೆಗೆ ನಿಮಗೆ ದಾರಿಯಿಲ್ಲ. ಅವಳು ಆಸ್ಟ್ರೇಲಿಯಾದ ಪ್ರಜೆಯೋ ಕಾಯಂ ನಿವಾಸಿಯೋ ಆಗಿ, ಸಾಮಾನ್ಯವಾಗಿ ಎರಡು ವರ್ಷ ಅಲ್ಲಿ ನೆಲೆಸಿದ ಮೇಲೆ ನಿಮ್ಮನ್ನು ಸ್ಪಾನ್ಸರ್ ಮಾಡಬಹುದು.

ಆ ದೇಶದ ನಿಯಮದಲ್ಲಿ ಬೇರೆ ದೇಶಗಳಲ್ಲಿ ಕಾಣದ ಒಂದು ಲೆಕ್ಕವಿದೆ, ಅದನ್ನು ಕುಟುಂಬ ಸಮತೋಲನದ ಪರೀಕ್ಷೆ ಎನ್ನುತ್ತಾರೆ. ನಿಮ್ಮ ಮಕ್ಕಳಲ್ಲಿ ಕನಿಷ್ಠ ಅರ್ಧದಷ್ಟು ಮಂದಿ ಆಸ್ಟ್ರೇಲಿಯಾದಲ್ಲಿ ಕಾಯಂ ಆಗಿ ನೆಲೆಸಿರಬೇಕು, ಇಲ್ಲವೇ ಬೇರೆ ಯಾವುದೇ ಒಂದು ದೇಶದಲ್ಲಿರುವುದಕ್ಕಿಂತ ಹೆಚ್ಚು ಮಕ್ಕಳು ಅಲ್ಲಿರಬೇಕು. ನಿಮ್ಮ ಇಬ್ಬರು ಮಕ್ಕಳಲ್ಲಿ ಒಬ್ಬಳು ಅಲ್ಲಿ ನೆಲೆಸಿದರೆ ಅರ್ಧ ಎಂದಾಯಿತು, ನೀವು ಪರೀಕ್ಷೆಯಲ್ಲಿ ಗೆದ್ದಂತೆ. ಇಬ್ಬರು ಮಕ್ಕಳು ಊರಿನಲ್ಲಿದ್ದು ಒಬ್ಬರು ಮಾತ್ರ ಅಲ್ಲಿರುವ ತಂದೆತಾಯಿ, ಎಷ್ಟೇ ಹಣವಿದ್ದರೂ, ಇದರಲ್ಲಿ ಉತ್ತೀರ್ಣರಾಗುವುದಿಲ್ಲ. ಮೂವರಲ್ಲಿ ಒಬ್ಬರು ಅಲ್ಲಿ, ಒಬ್ಬರು ಅಮೆರಿಕದಲ್ಲಿ, ಒಬ್ಬರು ಇಲ್ಲಿ ಎಂದಾದರೂ ಆಗುವುದಿಲ್ಲ.

ಪರೀಕ್ಷೆ ದಾಟಿದವರಿಗೆ ಎರಡು ಸಾಲುಗಳಿವೆ. 103 ಎಂಬ ಸಾಮಾನ್ಯ ತಂದೆತಾಯಿ ವೀಸಾಕ್ಕೆ ಈಗ ಅರ್ಜಿ ಹಾಕಿದರೆ ಸುಮಾರು 30 ವರ್ಷ ಕಾಯಬೇಕಾಗುತ್ತದೆ, ಅಂದರೆ ಅರವತ್ತರ ವಯಸ್ಸಿನವರಿಗೆ ಅದರ ಮಾತೇ ಬೇಡ. 143 ಎಂಬುದು ನೀವು ಕೇಳಿರುವ ಹಣ ಕಟ್ಟುವ ವೀಸಾ. ಅದರ ಎರಡನೆಯ ಕಂತೇ ಒಬ್ಬೊಬ್ಬರಿಗೆ 43,600 ಆಸ್ಟ್ರೇಲಿಯಾ ಡಾಲರ್. ಗಂಡ ಹೆಂಡತಿ ಇಬ್ಬರಿಗೂ ಸೇರಿ ಆಗುವ ಮೊತ್ತವನ್ನು ನೀವೇ ರೂಪಾಯಿಗೆ ತಿರುಗಿಸಿ ನೋಡಿ. ಆ ಸಾಲಿನಲ್ಲಿಯೂ ಕಾಯುವಿಕೆ ಹತ್ತು ವರ್ಷವನ್ನು ಮೀರಿದೆ. ಕಾರಣ ಸರಳವಾದದ್ದು: ಇತ್ತೀಚಿನ ವರ್ಷಗಳಲ್ಲಿ ಎಲ್ಲ ದೇಶಗಳ ತಂದೆತಾಯಿಗೂ ಸೇರಿ ವರ್ಷಕ್ಕೆ ಮೀಸಲಿಟ್ಟಿರುವುದು 8,500 ಸ್ಥಾನಗಳು, ಅರ್ಜಿಗಳು ಅದಕ್ಕಿಂತ ಬಹಳ ಹೆಚ್ಚು. ದೊಡ್ಡ ಕಂತನ್ನು ತೀರ್ಮಾನದ ಹೊತ್ತಿಗೆ ಕಟ್ಟುವುದೇ ಹೊರತು ಅರ್ಜಿ ಹಾಕುವಾಗಲ್ಲ. ಈಗಲೇ ಪೂರ್ತಿ ಹಣ ಕೇಳುವವರನ್ನು ನಂಬಬೇಡಿ.

ನಿಮ್ಮಂತಹವರಿಗೆ ಹೆಚ್ಚು ಹೊಂದುವುದು 870 ಎಂಬ ತಾತ್ಕಾಲಿಕ ವೀಸಾ. ಮಗಳು ಕಾಯಂ ನಿವಾಸಿಯಾದ ನಂತರ ಸ್ಪಾನ್ಸರ್ ಆಗಿ ಒಪ್ಪಿಗೆ ಪಡೆದರೆ ನೀವು 3 ಅಥವಾ 5 ವರ್ಷ ಅಲ್ಲಿರಬಹುದು, ಒಟ್ಟಾರೆ 10 ವರ್ಷದವರೆಗೆ. ಇದಕ್ಕೆ ಮಕ್ಕಳ ಸಂಖ್ಯೆಯ ಆ ಪರೀಕ್ಷೆ ಇಲ್ಲ. ಕೆಲಸ ಮಾಡುವಂತಿಲ್ಲ, ಪಿ.ಆರ್.ಗೆ ಇದು ಮೆಟ್ಟಿಲೂ ಅಲ್ಲ. ಅಂಗಡಿ, ಮಗ, ಬಂಧುಬಳಗ ಎಲ್ಲ ಹುಬ್ಬಳ್ಳಿಯಲ್ಲಿರುವಾಗ ನಿಮಗೆ ಬೇಕಾಗಿರುವುದು ಬಹುಶಃ ಇದೇ ಇರಬಹುದು, ಮನೆಯವರೊಡನೆ ಕುಳಿತು ವಿಚಾರ ಮಾಡಿ.

ಪ್ರಶ್ನೆ: ಮಗ ಅಮೆರಿಕದ ಟೆಕ್ಸಾಸಿನಲ್ಲಿ ಎಫ್-1 ವಿದ್ಯಾರ್ಥಿ ವೀಸಾದಲ್ಲಿದ್ದಾನೆ. ಗ್ರೀನ್ ಕಾರ್ಡ್ (ಅಲ್ಲಿನ ಕಾಯಂ ನಿವಾಸ) ಸಿಕ್ಕ ಕೂಡಲೇ ನಮಗೂ ಮಾಡಿಸುತ್ತಾನಂತೆ. ಎಷ್ಟು ವರ್ಷ ಆಗಬಹುದು? (ಶಿವಮೊಗ್ಗ)

ಉತ್ತರ: ಗ್ರೀನ್ ಕಾರ್ಡ್ ಹೊಂದಿದವರು ತಂದೆತಾಯಿಗೆ ಅರ್ಜಿ ಹಾಕುವಂತಿಲ್ಲ. 21 ತುಂಬಿದ ಅಮೆರಿಕದ ಪ್ರಜೆಗೆ ಮಾತ್ರ ಆ ಹಕ್ಕು. ಅವರು ಅರ್ಜಿ ಹಾಕಿದರೆ ವಾರ್ಷಿಕ ಮಿತಿಯ ತೊಡಕಿಲ್ಲದೆ ತಂದೆತಾಯಿಯ ಕೆಲಸ ಇತರ ದೇಶಗಳಿಗಿಂತ ಎಷ್ಟೋ ಸುಗಮವಾಗಿ ಆಗುತ್ತದೆ. ಆದರೆ ಮಗ ಆ ಹಂತಕ್ಕೆ ಬರುವುದೇ ಕಷ್ಟ: ಎಚ್-1ಬಿ ಎಂಬ ಉದ್ಯೋಗ ವೀಸಾದ ಲಾಟರಿಯಲ್ಲಿ ಹೆಸರು ಬರಬೇಕು, ಉದ್ಯೋಗದ ಮೂಲಕ ಗ್ರೀನ್ ಕಾರ್ಡ್ ಕೇಳುವ ಭಾರತೀಯರ ಬಹು ವರ್ಷಗಳ ಸಾಲಿನಲ್ಲಿ ಕಾಯಬೇಕು, ಆಮೇಲೆ ಸಾಮಾನ್ಯವಾಗಿ ಐದು ವರ್ಷ ಕಳೆದು ಪ್ರಜೆಯಾಗಬೇಕು. ಮೊಮ್ಮಗು ಅಲ್ಲಿ ಹುಟ್ಟಿದರೆ ಅಜ್ಜ ಅಜ್ಜಿಗೆ ಅನುಕೂಲವಾಗುತ್ತದೆ ಎಂಬ ಮಾತೂ ಸರಿಯಲ್ಲ, ಮೊಮ್ಮಕ್ಕಳು ಅಜ್ಜ ಅಜ್ಜಿಯರಿಗೆ ಅರ್ಜಿ ಹಾಕುವ ವರ್ಗವೇ ಅಲ್ಲಿಲ್ಲ. ಸದ್ಯಕ್ಕೆ ಬಿ-2 ಪ್ರವಾಸಿ ವೀಸಾವೊಂದೇ.

ಪ್ರಶ್ನೆ: ಮಗಳು ಜರ್ಮನಿಯಲ್ಲಿ, ಮಗ ಇಂಗ್ಲೆಂಡಿನಲ್ಲಿ ಸ್ನಾತಕೋತ್ತರ ಪದವಿ ಓದುತ್ತಿದ್ದಾರೆ. ನಾವು ಯಾರ ಬಳಿ ನೆಲೆಸಲು ಸಾಧ್ಯ? (ಉಡುಪಿ)

ಉತ್ತರ: ಓದುವ ಹಂತದಲ್ಲಿ ಇಬ್ಬರ ಬಳಿಯೂ ಇಲ್ಲ. ಮುಂದಿನ ಮಾತಾದರೆ ಜರ್ಮನಿಯ ಕಡೆ ಸ್ವಲ್ಪ ಬೆಳಕಿದೆ. 2024ರ ಮಾರ್ಚ್ 1ರಂದು ಅಥವಾ ಅನಂತರ ಮೊದಲ ಬಾರಿಗೆ ನುರಿತ ಉದ್ಯೋಗಿಯೆಂದು ಅನುಮತಿ ಪಡೆದವರು, ಉದಾಹರಣೆಗೆ ಬ್ಲೂ ಕಾರ್ಡ್ ಹೊಂದಿದವರು, ತಂದೆತಾಯಿಯನ್ನು ಕರೆಸಿಕೊಳ್ಳಲು ಅಲ್ಲಿನ ಕಾನೂನು ಅವಕಾಶ ಕೊಟ್ಟಿದೆ. ವಿದ್ಯಾರ್ಥಿ ಅನುಮತಿ ಇದರಲ್ಲಿ ಸೇರುವುದಿಲ್ಲವಾದ್ದರಿಂದ ಮಗಳು ಓದು ಮುಗಿಸಿ ಉದ್ಯೋಗಕ್ಕೆ ಸೇರಬೇಕು. ನಿಮ್ಮ ಜೀವನ ನಿರ್ವಹಣೆಯ ಜೊತೆಗೆ ಅಲ್ಲಿ ಒಪ್ಪುವಂತಹ ಆರೋಗ್ಯ ವಿಮೆಯನ್ನೂ ತೋರಿಸಬೇಕು. ಹಿರಿಯ ವಯಸ್ಸಿನಲ್ಲಿ ಹೊಸದಾಗಿ ಹೋದವರಿಗೆ ಈ ವಿಮೆ ದೊರೆಯುವುದೇ ದೊಡ್ಡ ತೊಡಕು. ಬ್ರಿಟನ್ನಿನಲ್ಲಿ 2012ರ ನಂತರ ನಿಯಮ ಬಹಳ ಬಿಗಿಯಾಗಿದೆ. ದಿನನಿತ್ಯದ ಕೆಲಸಗಳಿಗೂ ಇನ್ನೊಬ್ಬರ ನೆರವು ಬೇಕಾದ ಸ್ಥಿತಿ ತಲುಪಿ, ಆ ಆರೈಕೆ ಭಾರತದಲ್ಲಿ ಸಿಗುವುದೇ ಇಲ್ಲ ಅಥವಾ ಭರಿಸಲಾಗುವುದಿಲ್ಲ ಎಂದು ಸಾಬೀತುಪಡಿಸಿದವರಿಗೆ ಮಾತ್ರ ಅವಕಾಶ.

ಪ್ರಶ್ನೆ: ಪಾಸ್‌ಪೋರ್ಟಿನಲ್ಲಿ ನನ್ನ ಹೆಸರು ಅಡ್ಡಹೆಸರಿನೊಂದಿಗೆ ಪೂರ್ತಿ ಇದೆ. ಮಗನ ಜನನ ಪ್ರಮಾಣಪತ್ರದಲ್ಲಿ ನನ್ನ ಹೆಸರಷ್ಟೇ ಇದೆ, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಸೇರಿದೆ. ಮನೆಯವಳ ಹೆಸರು ತವರಿನಲ್ಲಿ ಒಂದು, ಮದುವೆಯ ನಂತರ ಇನ್ನೊಂದು. ಮುಂದೆ ತೊಂದರೆಯಾಗುವುದೇ? (ವಿಜಯಪುರ)

ಉತ್ತರ: ಆಗಬಹುದು, ಮತ್ತು ಇದನ್ನು ಈಗಲೇ ಕೇಳಿದ್ದಕ್ಕಾಗಿ ನಿಮ್ಮನ್ನು ಅಭಿನಂದಿಸುತ್ತೇನೆ. ಯಾವ ದೇಶದ ಸ್ಪಾನ್ಸರ್ ಅರ್ಜಿಯಾದರೂ ಅದರ ಅಡಿಪಾಯ ಒಂದೇ ಸಂಗತಿ: ಇವರು ಇವರ ಮಗ. ಉತ್ತರ ಕರ್ನಾಟಕದಲ್ಲಿ ಅಡ್ಡಹೆಸರು, ಹಳೆಯ ಮೈಸೂರಿನ ಕಡೆ ಊರಿನ ಮತ್ತು ತಂದೆಯ ಇನಿಷಿಯಲ್, ಮದುವೆಯಲ್ಲಿ ಸೊಸೆಗೆ ಹೊಸ ಹೆಸರಿಡುವ ಪದ್ಧತಿ ಇವೆಲ್ಲ ನಮಗೆ ಸಹಜ. ಕಡತವನ್ನು ತೆರೆಯುವ ದೂರದ ಅಧಿಕಾರಿಗೆ ಅವು ಮೂರು ಬೇರೆ ವ್ಯಕ್ತಿಗಳ ಹೆಸರಾಗಿ ಕಾಣುತ್ತವೆ.

ಮೊದಲು ಪಾಸ್‌ಪೋರ್ಟ್, ಆಧಾರ್, ಪ್ಯಾನ್ ಮೂರರಲ್ಲೂ ನಿಮ್ಮಿಬ್ಬರ ಹೆಸರುಗಳು ಅಕ್ಷರಶಃ ಒಂದೇ ಆಗುವಂತೆ ಸರಿಪಡಿಸಿಕೊಳ್ಳಿ. ಮಗನ ಜನನ ಪ್ರಮಾಣಪತ್ರದ ತಿದ್ದುಪಡಿಗೆ ಅದನ್ನು ಕೊಟ್ಟ ನೋಂದಣಾಧಿಕಾರಿಯಲ್ಲಿಯೇ ಅರ್ಜಿ ಹಾಕಬೇಕು. 1969ರ ಜನನ ಮರಣ ನೋಂದಣಿ ಕಾಯಿದೆಯ 15ನೇ ಸೆಕ್ಷನ್ ತಪ್ಪುಗಳ ತಿದ್ದುಪಡಿಗೆ ಅವಕಾಶ ಕೊಡುತ್ತದೆ. ತಿದ್ದಲಾಗದ ಹಳೆಯ ದಾಖಲೆಗಳಿಗೆ ಬೇರೆ ಬೇರೆ ಹೆಸರುಗಳು ಒಬ್ಬರದೇ ಎಂಬ ಪ್ರಮಾಣಿತ ಅಫಿಡವಿಟ್ ಮಾಡಿಸಿ, ಅದರ ಜೊತೆಗೆ ಮದುವೆಯ ನೋಂದಣಿ ಪತ್ರ, ಶಾಲೆಯ ವರ್ಗಾವಣೆ ಪತ್ರ, ಪಡಿತರ ಚೀಟಿ ಇವನ್ನೆಲ್ಲ ಒಂದು ಕಡೆ ಇಡಿ. ನಿಮ್ಮ ಕಾಲದ ಮದುವೆಗಳು ನೋಂದಣಿಯಾಗಿರುವುದು ಅಪರೂಪ. ಆಗಿಲ್ಲದಿದ್ದರೆ ಈಗಲೂ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಮಾಡಿಸಬಹುದು. ದಾಖಲೆಗಳು ಸಾಲದಾದಾಗ ಕೆನಡಾದಂತಹ ದೇಶಗಳು ಡಿ.ಎನ್.ಎ. ಪರೀಕ್ಷೆಯ ಸಾಧ್ಯತೆಯನ್ನೂ ಮುಂದಿಡುತ್ತವೆ, ಅದು ಕೊನೆಯ ದಾರಿ. ಈ ತಿದ್ದುಪಡಿಗಳನ್ನು ವೀಸಾ ಅರ್ಜಿಯ ಗಡುವು ಎದುರಿಗಿರುವಾಗ ಮಾಡಿಸಲು ಹೊರಟರೆ ತಾಲ್ಲೂಕು ಕಚೇರಿಗೂ ನಗರಸಭೆಗೂ ಅಲೆಯುವುದರಲ್ಲಿಯೇ ಸಮಯ ಕಳೆದುಹೋಗುತ್ತದೆ.

ಪ್ರಶ್ನೆ: ಮಗಳು ಕೆನಡಾದಲ್ಲಿ ಓದಿ, ನೆಲೆಸಿ, ನಮ್ಮ ಹೆಸರನ್ನು 2020ರಲ್ಲಿಯೇ ಕೊಟ್ಟಿದ್ದಳು. ಈಗ ನಮಗೂ ಪಿ.ಆರ್. ಬಂದಿದೆ. ನಮ್ಮ ಎರಡು ಎಕರೆ ಗದ್ದೆಯ ಪಹಣಿಗೆ ಏನಾದರೂ ತೊಂದರೆಯೇ? ವರ್ಷಕ್ಕೆ ಆರು ತಿಂಗಳು ಊರಿನಲ್ಲಿ ಇರಬಹುದೇ? (ಮಂಡ್ಯ)

ಉತ್ತರ: ಬಹಳ ಸಂತೋಷ. ಪಿ.ಆರ್. ಪಡೆದ ಮಾತ್ರಕ್ಕೆ ಭಾರತದ ಪೌರತ್ವ ಹೋಗುವುದಿಲ್ಲ, ಪಾಸ್‌ಪೋರ್ಟ್ ನಮ್ಮದೇ ಇರುತ್ತದೆ, ಗದ್ದೆಯೂ ನಿಮ್ಮ ಹೆಸರಿನಲ್ಲಿಯೇ ಇರುತ್ತದೆ. ಆದರೆ ಅಲ್ಲಿ ನೆಲೆಸಿ ಅನಿವಾಸಿಗಳಾದ ಮೇಲೆ ಹೊಸದಾಗಿ ಕೃಷಿ ಭೂಮಿ ಕೊಳ್ಳುವಂತಿಲ್ಲ, ಮತ್ತು ಉಳಿತಾಯ ಖಾತೆಯನ್ನು ಅನಿವಾಸಿಗಳ ಎನ್.ಆರ್.ಒ. ಖಾತೆಯಾಗಿ ಬದಲಾಯಿಸಲು ಬ್ಯಾಂಕಿಗೆ ತಿಳಿಸಬೇಕು. ತೆರಿಗೆಯ ದೃಷ್ಟಿಯಿಂದ ಕೆನಡಾದ ನಿವಾಸಿಗಳಾದರೆ ಇಲ್ಲಿನ ಬಡ್ಡಿ, ಬಾಡಿಗೆ, ಪಿಂಚಣಿಗಳನ್ನೂ ಅಲ್ಲಿನ ರಿಟರ್ನಿನಲ್ಲಿ ತೋರಿಸಬೇಕು. ಒಂದೇ ಆದಾಯಕ್ಕೆ ಎರಡು ಬಾರಿ ತೆರಿಗೆ ಬೀಳದಂತೆ ಎರಡೂ ದೇಶಗಳ ನಡುವೆ ಒಪ್ಪಂದವಿದೆ, ಮೊದಲ ವರ್ಷ ಲೆಕ್ಕಪರಿಶೋಧಕರ ನೆರವು ಪಡೆಯಿರಿ.

ಆರು ತಿಂಗಳು ಇಲ್ಲಿರುವುದಕ್ಕೆ ಅಡ್ಡಿಯಿಲ್ಲ. ಪಿ.ಆರ್. ಉಳಿಯಬೇಕಾದರೆ ಯಾವುದೇ ಐದು ವರ್ಷದ ಅವಧಿಯಲ್ಲಿ ಒಟ್ಟು 730 ದಿನ ಕೆನಡಾದಲ್ಲಿ ಇದ್ದಿರಬೇಕು; ಅವು ಸತತವಾಗಿರಬೇಕೆಂದಿಲ್ಲ. ಆದರೆ ಪ್ರಾಂತ್ಯದ ಆರೋಗ್ಯ ವಿಮೆಗೆ ಬೇರೆಯೇ ಲೆಕ್ಕವಿದ್ದು, ಪ್ರತಿ ವರ್ಷ ಇಂತಿಷ್ಟು ದಿನ ಆ ಪ್ರಾಂತ್ಯದಲ್ಲಿ ಇರಲೇಬೇಕೆಂಬ ನಿಯಮವನ್ನು ಮಗಳಿಂದ ತಿಳಿದುಕೊಂಡು ಟಿಕೆಟ್ ಮಾಡಿಸಿ. ಹೋದ ದಿನ, ಬಂದ ದಿನ ಎರಡನ್ನೂ ಒಂದು ಪುಸ್ತಕದಲ್ಲಿ ಬರೆದಿಡಿ. ಐದು ವರ್ಷದ ನಂತರ ಕಾರ್ಡ್ ನವೀಕರಿಸುವಾಗ ಆ ಅವಧಿಯ ಪ್ರತಿಯೊಂದು ಪ್ರಯಾಣದ ದಿನಾಂಕವನ್ನೂ ಅರ್ಜಿಯಲ್ಲಿ ತುಂಬಬೇಕಾಗುತ್ತದೆ.